ಅಲುಗಾಡಬೇಡ, ಮಗು!

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಇವುಗಳಲ್ಲಿ ಯಾವ ಊರಿನ ಹಳೆಯ ಮನೆಯನ್ನು ಹೊಕ್ಕರೂ, ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲು ಮುಗಿದ ಕಡೆ, ಒಂದು ಸಂಸಾರದ ಪಟ ಕಣ್ಣಿಗೆ ಬೀಳುವುದುಂಟು. ಯಜಮಾನರು ಕುರ್ಚಿಯಲ್ಲಿ ಕೂತಿರುತ್ತಾರೆ. ಮನೆಯಾಕೆ ಪಕ್ಕದಲ್ಲಿ ನಿಂತಿರುತ್ತಾರೆ. ಮಕ್ಕಳು ಎತ್ತರಕ್ಕೆ ತಕ್ಕಂತೆ ಸಾಲುಗಟ್ಟಿರುತ್ತಾರೆ. ಎಲ್ಲಕ್ಕಿಂತ ಚಿಕ್ಕ ಕೂಸು ಹುಬ್ಬು ಗಂಟಿಕ್ಕಿ, ಇನ್ನೇನು ಅತ್ತೇಬಿಡುವಂತಿರುತ್ತದೆ. "ಆಗಿನ ಮಕ್ಕಳು ಎಷ್ಟು ಗಂಭೀರ!" ಎಂದು ನೋಡಿದವರು ಹೇಳುತ್ತಾರೆ. ಮಕ್ಕಳು ಯಾವ ಕಾಲದಲ್ಲಿಯೂ ಗಂಭೀರರಲ್ಲ. ಆ ಬಿಗುಮಾನ ಮಗುವಿನದಲ್ಲ, ಮೊದಲಿಗೆ ಅದು ಯಂತ್ರದ್ದು.

1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೆರ್ ಎಂಬಾತನ ಛಾಯಾಗ್ರಹಣ ವಿಧಾನ ಲೋಕಕ್ಕೆ ಪ್ರಕಟವಾದಾಗ, ಬಿಸಿಲಿನಲ್ಲಿಯೂ ಒಂದು ಚಿತ್ರ ಮೂಡಲು ಹಲವು ನಿಮಿಷ ಬೇಕಾಗುತ್ತಿತ್ತು. ಮುಂದೆ ಆ ಅವಧಿ ಇಳಿದರೂ, ಕೂತವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಹಿಡಿಯೊಂದನ್ನು ಆನಿಸುವ ಪದ್ಧತಿ ಬಹುಕಾಲ ಉಳಿಯಿತು. ದೊಡ್ಡವರು ಹೇಗೋ ಸಹಿಸಿಯಾರು. ತೊಟ್ಟಿಲ ಕೂಸಿಗೆ ಯಾವ ಹಿಡಿ? ಅದಕ್ಕೆ ಇಂಗ್ಲೆಂಡಿನವರೂ ಅಮೆರಿಕದವರೂ ಒಂದು ಉಪಾಯ ಹೂಡಿದರು. ತಾಯಿಯ ತಲೆಯ ಮೇಲೆ ಬಟ್ಟೆ ಹೊದಿಸಿ, ಅವಳನ್ನೇ ಕುರ್ಚಿಯಂತೆ ಕೂರಿಸಿ, ಮಡಿಲಲ್ಲಿ ಮಗುವನ್ನು ಇಟ್ಟರು. ಮಗು ಚಿತ್ರದಲ್ಲಿ ಬಂತು, ತಾಯಿ ಬರಲಿಲ್ಲ. ಇಂದಿಗೂ ಉಳಿದಿರುವ ಅಂಥ ಚಿತ್ರಗಳಲ್ಲಿ ಬಟ್ಟೆಯ ಕೆಳಗಿನಿಂದ ಅವಳ ಕೈಯೊಂದು ಮಾತ್ರ ಇಣುಕುತ್ತಿರುತ್ತದೆ.

ನಮ್ಮ ಸೀಮೆಗೆ ಕ್ಯಾಮೆರಾ ಬೇಗನೇ ಬಂದಿತು. 1854ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಮೈಸೂರು ರಾಜ್ಯದಲ್ಲಿ ಸಂಚರಿಸಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ. ಶಿಲಾಬಾಲಿಕೆಯರಿಗೆ "ಅಲುಗಾಡಬೇಡ" ಎಂದು ಹೇಳಬೇಕಾದ ಕಷ್ಟವಿರಲಿಲ್ಲ! ಕಲ್ಕತ್ತೆಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆ 1860ರ ದಶಕದಲ್ಲಿ ಮಕ್ಕಳಿಗೆ ರೆಕ್ಕೆ ಕಟ್ಟಿ ದೇವದೂತರನ್ನಾಗಿ ಮಾಡಿದರು. ಅವರ ಚಿತ್ರಗಳ ಅಂಚುಗಳಲ್ಲಿ ಹಲವು ಕಡೆ ಮಸುಕು ಕವಿದಿದೆ. ಅದರಲ್ಲಿ ಸ್ವಲ್ಪ ಪಾಲು ಮಕ್ಕಳ ಚಡಪಡಿಕೆಯದೂ ಇದ್ದೀತು.

1871ರಲ್ಲಿ ಮ್ಯಾಡಾಕ್ಸ್ ಎಂಬ ವೈದ್ಯ ಒಣ ಫಲಕದ ವಿಧಾನವನ್ನು ಪ್ರಕಟಿಸಿದ. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಎಲ್ಲೆಡೆ ಬಳಕೆಗೆ ಬಂದು, ಕ್ಷಣಾರ್ಧದಲ್ಲಿ ಚಿತ್ರ ಹಿಡಿಯುವುದು ಸಾಧ್ಯವಾಯಿತು. 1900ರಲ್ಲಿ ಒಂದು ಡಾಲರಿಗೆ ಸಿಗುವ ಬ್ರೌನಿ ಪೆಟ್ಟಿಗೆ ಬಂದಾಗ ಕ್ಯಾಮೆರಾ ಮಕ್ಕಳ ಕೈಗೇ ಬಂದಂತಾಯಿತು. ಯಂತ್ರ ಮಗುವನ್ನು ಬಿಡುಗಡೆ ಮಾಡಿತು. ಆದರೆ ಹಿರಿಯರು ಬಿಡುಗಡೆ ಮಾಡಲಿಲ್ಲ.

ಅದಕ್ಕೆ ಕಾರಣ ಹಣ. ಪಟ ತೆಗೆಸುವುದೆಂದರೆ ನಮ್ಮಲ್ಲಿ ಒಂದು ಸಣ್ಣ ಮದುವೆಯಷ್ಟೇ ಸಂಭ್ರಮ. ಪಟ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂದು ಹೆದರುವ ಅಜ್ಜಿಯರನ್ನು ಮೊದಲು ಒಪ್ಪಿಸಬೇಕು. ಆಮೇಲೆ ಎಣ್ಣೆನೀರು, ಕಂಕುಳು ಒತ್ತುವ ಹೊಸ ಅಂಗಿ, ಕಾಲು ಕಚ್ಚುವ ಹೊಸ ಮೆಟ್ಟು. ಹಳ್ಳಿಯಿಂದ ಬಂಡಿಯಲ್ಲೋ, ಚಿಂತಾಮಣಿ ಶಿಡ್ಲಘಟ್ಟಗಳನ್ನು ಹಾದುಹೋಗುತ್ತಿದ್ದ ಆ ಚಿಕ್ಕ ರೈಲಿನಲ್ಲೋ ಪೇಟೆ ಸೇರುವ ಹೊತ್ತಿಗೆ ಮಗುವಿನ ನಿದ್ದೆಯ ಸಮಯ. ಸ್ಟುಡಿಯೋದೊಳಗೆ ಕಂಬ, ಮೆಟ್ಟಿಲು, ಹೂದೋಟ ಬರೆದ ಪರದೆ; ಕಣ್ಣು ಕುಕ್ಕುವ ದೀಪ; ಕರಿಬಟ್ಟೆಯೊಳಗೆ ತಲೆ ತೂರಿಸಿ ಮಾಯವಾಗುವ ಅಪರಿಚಿತ ಗಂಡಸು. ಈ ಗಡಿಸೀಮೆಯಲ್ಲಿ "ಇಲ್ಲಿ ನೋಡು" ಎಂಬುದರ ಬೆನ್ನಿಗೇ "ಇಕ್ಕಡ ಚೂಡು" ಎಂದೂ ಕರೆಯುವ ಬಾಯಿಗಳಿಗೆ ಬರವಿಲ್ಲ. ಎರಡು ಭಾಷೆಗಳಲ್ಲಿ ಕರೆದರೂ ಮಗು ನೋಡುವುದು ಬಾಗಿಲ ಕಡೆಗೆ!

ಹೆಣ್ಣುಮಗುವಿನ ಪಾಡು ಇನ್ನೂ ಹೆಚ್ಚಿನದು. ಬೇಸಗೆಯಲ್ಲಿ ಮಲ್ಲಿಗೆ ಸೂರೆಯಾದಾಗ ಮೊಗ್ಗಿನ ಜಡೆ ಹಾಕಿ ಪಟ ತೆಗೆಸುವುದು ಹಳೆಯ ಮೈಸೂರಿನ ಮನೆಗಳಲ್ಲಿ ಒಂದು ಸಂಪ್ರದಾಯವೇ ಆಗಿತ್ತು. ಗಂಟೆಗಟ್ಟಲೆ ಕೂರಿಸಿ ಮೊಗ್ಗು ಹೊಲಿಯಬೇಕು. ಜರಿಲಂಗ ಉಡಿಸಿ, ಅಮ್ಮನ ಒಡವೆ ಇಡಬೇಕು. ಮುಖವೂ ಜಡೆಯೂ ಒಂದೇ ಪಟದಲ್ಲಿ ಕಾಣಲೆಂದು ಸ್ಟುಡಿಯೋದಲ್ಲಿ ಬೆನ್ನ ಹಿಂದೆ ನಿಲುಗನ್ನಡಿ ಇಡುತ್ತಿದ್ದರು. ಜಡೆಯ ಭಾರಕ್ಕೆ ತಲೆ ಜಗ್ಗುತ್ತಿರುವಾಗ "ಸ್ವಲ್ಪ ನಗಮ್ಮ" ಎಂದರೆ ನಗು ಎಲ್ಲಿಂದ ಬರಬೇಕು? ಅದು ಹೆಸರಿಗೆ ಮಗುವಿನ ಪಟ. ನಿಜವಾಗಿ ಜಡೆಯ ಪಟ. ಆದರೂ ಎಷ್ಟೋ ಅಜ್ಜಿಯರಿಗೆ ತಮ್ಮ ಬಾಲ್ಯದ ಗುರುತಾಗಿ ಉಳಿದಿರುವುದು ಅದೊಂದೇ. ತಾನು ಹೇಗೆ ಓಡುತ್ತಿದ್ದೆ, ಹೇಗೆ ನಗುತ್ತಿದ್ದೆ ಎಂಬುದಕ್ಕೆ ಅವರಲ್ಲಿ ಸಾಕ್ಷಿಯಿಲ್ಲ.

ಮುಂದೆ ಆಗ್ಫಾ ಕ್ಲಿಕ್‌ನಂಥ ಪೆಟ್ಟಿಗೆಗಳು ಮಧ್ಯಮವರ್ಗದ ಮನೆ ಸೇರಿದವು. ಒಂದು ಸುರುಳಿಗೆ 12 ಚಿತ್ರ. ಒಂದು ಕೆಟ್ಟರೂ ಮನೆಯವರೆಲ್ಲ ಮಗುವನ್ನೇ ದೂರುವರು. ಹೀಗೆ ಆ ಹಳೆಯ ಅಪ್ಪಣೆ ಸ್ಟುಡಿಯೋದಿಂದ ಹಿತ್ತಿಲಿಗೂ ಬಂತು.

ಇದನ್ನು ದಾಟಿದವರು ನಮ್ಮಲ್ಲಿಯೇ ಇದ್ದರು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಮಕ್ಕಳನ್ನು ಪರದೆಯ ಮುಂದೆ ನಿಲ್ಲಿಸಲಿಲ್ಲ. ಮಕ್ಕಳಿದ್ದ ಕಡೆಗೆ ತಾವೇ ಹೋದರು. ಆಟ, ಓದು, ಕೆಲಸಗಳಲ್ಲಿ ಮುಳುಗಿದ ಮಕ್ಕಳನ್ನು ಇರುವ ಬೆಳಕಿನಲ್ಲಿಯೇ ಹಿಡಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರ ಚಿತ್ರಗಳನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ಅವರ ಬಳಿ ಇದ್ದ ದೊಡ್ಡ ಉಪಕರಣವೆಂದರೆ ತಾಳ್ಮೆ.

ಈ ತಾಳ್ಮೆಯನ್ನು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಹುಳು ಹಣ್ಣಾಗುವ ಮೊದಲು ಅದನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುವುದಿಲ್ಲವೆಂದು ಅವರು ಬಲ್ಲರು. ಮಗುವೂ ಹಾಗೆಯೇ. ಉಂಡು, ಮಲಗಿ ಎದ್ದ ಹೊತ್ತೇ ಅದರ ಶುಭಮುಹೂರ್ತ. ಹಳೆಯ ಮೆತ್ತನೆಯ ಅಂಗಿಯೇ ಇರಲಿ. ಚಿತ್ರ ತೆಗೆಯುವವರು ಮೊದಲು ಸ್ವಲ್ಪ ಹೊತ್ತು ಬರಿಗೈಯಲ್ಲಿ ಮಗುವಿನೊಡನೆ ಆಡಲಿ. ಆಮೇಲೆ ನೆಲದ ಮೇಲೆ ಕೂತು, ಮಗುವಿನ ಕಣ್ಣಿನ ಎತ್ತರದಿಂದ ನೋಡಲಿ. "ನಗು" ಎನ್ನುವುದಕ್ಕಿಂತ ನಗುವಂಥದೇನಾದರೂ ಮಾಡುವುದು ಮೇಲು. ಸಾಕೆಂದು ಮಗು ಎದ್ದುಹೋದರೆ ಬಿಟ್ಟುಬಿಡುವುದೇ ಜಾಣತನ.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇದೆ. ನೂರು ಚಿತ್ರ ಕೆಟ್ಟರೂ ಕಾಸಿನ ನಷ್ಟವಿಲ್ಲ. ಆದರೂ ನಂದಿಬೆಟ್ಟದ ತುದಿಯಲ್ಲಿ ಯಾವ ಭಾನುವಾರ ನಿಂತರೂ "ಅಲುಗಾಡಬೇಡ, ಇಲ್ಲಿ ನೋಡು" ಎಂಬ ಗದರಿಕೆ ಕಿವಿಗೆ ಬೀಳುತ್ತದೆ. ಯಂತ್ರಕ್ಕೆ ಬೇಡವಾದುದನ್ನು ನಾವು ಇನ್ನೂ ಮಗುವಿನಿಂದ ಕೇಳುತ್ತಿದ್ದೇವೆ. ಇನ್ನೂ ಒಂದು ಮಾತು. ಅಂದು ಬಟ್ಟೆಯ ಕೆಳಗೆ ಅಡಗಿದ್ದ ತಾಯಿ ಇಂದು ಎಷ್ಟೋ ಮನೆಗಳಲ್ಲಿ ಮೊಬೈಲಿನ ಹಿಂದೆ ಅಡಗಿದ್ದಾಳೆ. ಸಾವಿರ ಚಿತ್ರಗಳಲ್ಲಿ ಮಗುವಿದೆ, ತೆಗೆದ ಅವಳಿಲ್ಲ. ಆ ಯಂತ್ರವನ್ನು ಬೇರೆ ಯಾರಾದರೂ ಹಿಡಿದು, ಅವಳನ್ನು ಮಗುವಿನ ಪಕ್ಕದಲ್ಲಿ ಕೂರಿಸಲಿ. ಮಗುವನ್ನು ನಗಿಸುವ ವಿದ್ಯೆ ಅವಳಿಗೆ ಯಾವ ಸ್ಟುಡಿಯೋದವರಿಗಿಂತಲೂ ಚೆನ್ನಾಗಿ ಗೊತ್ತು.