ಊರುಗೋಲು, ಸಿಂಹ ಮತ್ತು ಬಿಲ್ಲು: ವೃದ್ಧ ಬಿಲ್ಲಾಳಿನ ಕುರಿತು ಒಂದು ಜಿಜ್ಞಾಸೆ

ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವ ಸಂದರ್ಭ ಕನ್ನಡ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದು. ಅದನ್ನು ಸಹಿಸಲಾರದ ಕರ್ಣನು ಆಡುವ ಮಾತಿನ ತಿರುಳಿಷ್ಟು: ಕಣ್ಣು ಕೆಟ್ಟ ಮುದುಕನ ಕೈಗೆ ಬಂದ ಬಿಲ್ಲು ಬರಿಯ ಊರುಗೋಲು. ಇದಕ್ಕೆ ದ್ರೋಣನ ಪ್ರತ್ಯುತ್ತರವೂ ಅಷ್ಟೇ ಪ್ರಸಿದ್ಧ. ಸಿಂಹದ ಮುಪ್ಪನ್ನೂ ಗಾಂಗೇಯನ ಮುಪ್ಪನ್ನೂ ಹಳಿಯುವುದು ಸಲ್ಲದೆಂದು ಅವನು ಕರ್ಣನನ್ನು ಗದರುತ್ತಾನೆ.

ಈ ಎರಡು ಮಾತುಗಳ ನಡುವೆ ಒಂದು ದೊಡ್ಡ ತೆರಪು ಉಳಿದಿದೆ. ಕರ್ಣನ ಪ್ರಕಾರ ವೃದ್ಧನು ಬಿಲ್ಲಿಗೆ ಅನರ್ಹ. ದ್ರೋಣನ ಪ್ರಕಾರ ಅವನಿಗೆ ವಾರ್ಧಕ್ಯವೇ ತಟ್ಟಿಲ್ಲ. ತೋಳಿನ ಕಸುವು ಕುಗ್ಗಿದೆ, ಆದರೆ ಕಲಿತ ವಿದ್ಯೆ ಉಳಿದಿದೆ ಎನ್ನುವ ಸಾಮಾನ್ಯ ಮನುಷ್ಯನಿಗೆ ಇಲ್ಲಿ ಸ್ಥಳವಿಲ್ಲ. ವೀರಕಾವ್ಯದ ರೂಢಿಯೇ ಹಾಗೆ. ಶಿವಧನುಸ್ಸಾಗಲಿ ಗಾಂಡೀವವಾಗಲಿ, ಅಲ್ಲಿ ಬಿಲ್ಲಿನ ಬಲದಿಂದ ಮನುಷ್ಯನನ್ನು ಅಳೆಯಲಾಗುತ್ತದೆ. ಮನುಷ್ಯನ ಬಲದಿಂದ ಬಿಲ್ಲನ್ನು ಅಳೆಯುವ ವಿವೇಕವನ್ನು ನಾವು ಕಾವ್ಯದಲ್ಲಲ್ಲ, ಶಾಸ್ತ್ರದಲ್ಲಿ ಅರಸಬೇಕು.

ವಸಿಷ್ಠನ ಹೆಸರಿನಲ್ಲಿ ಪ್ರಚಲಿತವಿರುವ ಧನುರ್ವೇದ ಸಂಹಿತೆಯಲ್ಲಿಯೂ 1363ರಲ್ಲಿ ಸಂಕಲಿತವಾದ 'ಶಾರ್ಙ್ಗಧರ ಪದ್ಧತಿ'ಯ ಧನುರ್ವೇದ ಭಾಗದಲ್ಲಿಯೂ ಬಿಲ್ಲಿನ ಆಯ್ಕೆಯ ವಿಚಾರವಿದೆ. ಅಭ್ಯಾಸಕ್ಕೆ ಬೇಕಾದ 'ಯೌಗಿಕ' ಚಾಪ ಬೇರೆ, ಯುದ್ಧದ ಚಾಪ ಬೇರೆ ಎಂದು ಶಾಸ್ತ್ರವು ಮೊದಲು ವಿಂಗಡಿಸುತ್ತದೆ. ಬಳಿಕ ಹೇಳುವುದು ಮುಖ್ಯವಾದ ಮಾತು: ಬಿಲ್ಲಿನ ಬಲವು ಬಿಲ್ಲಾಳಿನ ತೋಳ್ಬಲಕ್ಕಿಂತ ತುಸು ಕಡಿಮೆಯಿರುವುದೇ ಒಳಿತು. ಬಿಲ್ಲಿಗಿಂತ ಬಿಲ್ಲಾಳು ಬಲಶಾಲಿಯಾಗಿರಬೇಕೇ ಹೊರತು ಬಿಲ್ಲಾಳಿಗಿಂತ ಬಿಲ್ಲಲ್ಲ. ಬಿಲ್ಲಿನ ಪೀಡೆಗೆ ಒಳಗಾದವನಿಗೆ ಗುರಿಯೇ ಕಾಣದು.

ಈ ಕಾರಣವು ಮನನೀಯ. ಮೀರಿದ ಬಿಲ್ಲಿನಿಂದ ತೋಳು ನೋಯುತ್ತದೆ ಎಂದಷ್ಟೇ ಶಾಸ್ತ್ರಕಾರನು ಹೇಳಲಿಲ್ಲ; ಲಕ್ಷ್ಯ ತಪ್ಪುತ್ತದೆ ಎಂದನು. ಸೆಳೆಯುವುದರಲ್ಲಿಯೇ ಚಿತ್ತವೆಲ್ಲ ವ್ಯಯವಾದರೆ ನೋಡುವುದಕ್ಕೆ ಏನೂ ಉಳಿಯದು. ಕರ್ಣನು ಮುದುಕನ ಕಣ್ಣನ್ನು ಹಳಿದನು. ಆದರೆ ಬಲಕ್ಕೆ ಮೀರಿದ ಬಿಲ್ಲು ಯುವಕನ ಕಣ್ಣನ್ನೂ ಕೆಡಿಸಬಲ್ಲದು. ಇನ್ನೊಂದು ಸ್ವಾರಸ್ಯವೂ ಇದೆ. ಬಿಲ್ಲಿಗೆ ವರ್ಜ್ಯವಾದ ಬಿದಿರನ್ನು ಪಟ್ಟಿಮಾಡುವಾಗ ತೀರ ಹಳೆಯದು, ಬಲಿಯದ ಎಳೆಯದು, ಸುಟ್ಟದ್ದು, ತೂತುಬಿದ್ದದ್ದು ಎಂದು ದೋಷಗಳನ್ನು ಎಣಿಸಲಾಗಿದೆ. ಬಿಲ್ಲು ಜೀರ್ಣವಾಗಿರಬಾರದು ಎಂಬ ನಿಯಮವಿದೆ; ಆದರೆ ತೋಳ್ಬಲದ ಈ ಸೂತ್ರದಲ್ಲಿ ವಯಸ್ಸಿನ ಪ್ರಸ್ತಾಪವೇ ಇಲ್ಲ. ಕೇಳುವುದು ಅವನ ಬಲವನ್ನು ಮಾತ್ರ.

ಈ ನಿಲುವಿನ ವೈಶಿಷ್ಟ್ಯವನ್ನು ತಿಳಿಯಲು, ಬಿಲ್ಲುಗಾರಿಕೆಯ ಲಿಖಿತ ದಾಖಲೆಗಳು ಹೇರಳವಾಗಿರುವ 16ನೆಯ ಶತಮಾನದ ಇಂಗ್ಲೆಂಡಿನೊಡನೆ ಹೋಲಿಸಬಹುದು. ಎಂಟನೆಯ ಹೆನ್ರಿಯ ಕಾಲದ ಶಾಸನವು 60 ವರ್ಷದೊಳಗಿನ, ಅಂಗವೈಕಲ್ಯವಿಲ್ಲದ ಪುರುಷರು ಬಿಲ್ವಿದ್ಯೆಯನ್ನು ಅಭ್ಯಾಸಮಾಡಬೇಕೆಂದು ವಿಧಿಸಿತು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ 'ಮೇರಿ ರೋಸ್' ಹಡಗಿನಲ್ಲಿ ದೊರೆತ ನೀಳ ಬಿಲ್ಲುಗಳ ಸೆಳೆತವನ್ನು ತಜ್ಞರು ಸುಮಾರು 100ರಿಂದ 185 ಪೌಂಡ್ ಎಂದು ಅಂದಾಜಿಸಿದ್ದಾರೆ. ಇಂತಹ ಬಿಲ್ಲು ಒಮ್ಮೆಲೇ ಒಲಿಯುವುದಲ್ಲ. ಬಾಲ್ಯದಲ್ಲಿ ತನ್ನ ತಂದೆಯು ವಯಸ್ಸಿಗೂ ಬಲಕ್ಕೂ ತಕ್ಕಂತೆ ಬಿಲ್ಲು ಕೊಡಿಸುತ್ತಿದ್ದನು, ತಾನು ಬೆಳೆದಂತೆ ಬಿಲ್ಲೂ ದೊಡ್ಡದಾಗುತ್ತಿತ್ತು ಎಂದು ಹ್ಯೂ ಲ್ಯಾಟಿಮರ್ 1549ರ ಧರ್ಮೋಪದೇಶವೊಂದರಲ್ಲಿ ಸ್ಮರಿಸಿದ್ದಾನೆ. ಏರುವ ಮೆಟ್ಟಿಲುಗಳ ಸುಂದರ ಚಿತ್ರವದು. ಇಳಿಯುವ ಮೆಟ್ಟಿಲುಗಳ ಮಾತು ಅಲ್ಲಿಲ್ಲ. ರಾಜ್ಯಕ್ಕೆ ಬೇಕಾದುದು ಯೋಧ. 60 ದಾಟಿದವನ ಬಿಲ್ಲು ಯಾವುದಿರಬೇಕೆಂಬುದು ರಾಜ್ಯದ ಚಿಂತೆಯಾಗಿರಲಿಲ್ಲ. ತೋಳ್ಬಲವನ್ನು ಅನುಸರಿಸುವ ಧನುರ್ವೇದದ ಸೂತ್ರವಾದರೋ ಏರುವಾಗಲೂ ಇಳಿಯುವಾಗಲೂ ಸಮಾನವಾಗಿ ಅನ್ವಯಿಸುತ್ತದೆ.

ಹಾಗಾದರೆ ಇಳಿವಯಸ್ಸಿನವನಿಗೆ ತಕ್ಕ ಬಿಲ್ಲು ಯಾವುದು? ಸೆಳೆತದ ಬಲ ಕಡಿಮೆಯಾದರೆ ಸಾಲದು, ಸೆಳೆತವು ನಯವಾಗಿಯೂ ಇರಬೇಕು. ಇಂದು ಸಾಮಾನ್ಯವಾಗಿ ಹೆದೆಯನ್ನು 28 ಅಂಗುಲ ಸೆಳೆದಾಗ ಬೇಕಾಗುವ ಬಲವನ್ನು ಪೌಂಡುಗಳಲ್ಲಿ ಹೇಳುತ್ತಾರೆ. ಆದರೆ 40 ಪೌಂಡಿನ ಎರಡು ಬಿಲ್ಲುಗಳು ಕೈಗೆ ಒಂದೇ ಬಗೆಯಾಗಿ ತೋರಬೇಕೆಂದಿಲ್ಲ. ಗಿಡ್ಡ ಬಿಲ್ಲನ್ನು ಉದ್ದಕ್ಕೆ ಸೆಳೆದಾಗ ಬಿಲ್ಲಿನ ತುದಿಗೂ ಹೆದೆಗೂ ನಡುವಿನ ಕೋನ ಹಿಗ್ಗಿ, ಕೊನೆಯ ಎರಡು ಮೂರು ಅಂಗುಲಗಳಲ್ಲಿ ಭಾರವು ಥಟ್ಟನೆ ಏರುತ್ತದೆ; ಹೆದೆಯು ಬೆರಳುಗಳನ್ನು ಹಿಂಡುತ್ತದೆ. ಉದ್ದವಾದ ಬಿಲ್ಲಿನಲ್ಲಿ ಬಾಗು ಹಂಚಿಹೋಗುವುದರಿಂದ ಭಾರವು ಸಮನಾಗಿ ಏರುತ್ತದೆ. ಒಳಬದಿಗೆ ಕೊಂಬನ್ನೂ ಹೊರಬದಿಗೆ ನರವನ್ನೂ ಅಂಟಿಸಿ ತುದಿಗಳನ್ನು ಹಿಮ್ಮುಖವಾಗಿ ಬಾಗಿಸಿದ ಸಂಯುಕ್ತ ಬಿಲ್ಲು ಗಿಡ್ಡವಾದರೂ ನಯವಾಗಿ ಬರುತ್ತದೆ. ಅದು ಭಾರವನ್ನು ಮೊದಲಲ್ಲೇ ಕೇಳಿ, ಕೊನೆಯಲ್ಲಿ ಪೀಡಿಸುವುದಿಲ್ಲ. ಅಗ್ನಿಪುರಾಣವು ನಾಲ್ಕು ಮೊಳದ ಬಿಲ್ಲನ್ನು ಉತ್ತಮವೆಂದೂ ಮೂರೂವರೆ ಮೊಳದ್ದನ್ನು ಮಧ್ಯಮವೆಂದೂ ಮೂರು ಮೊಳದ್ದನ್ನು ಕನಿಷ್ಠವೆಂದೂ ಹೇಳುತ್ತದೆ. ಈ ಕ್ರಮದ ಹಿಂದೆ ನಯವಾದ ಸೆಳೆತದ ಅನುಭವವೂ ಇದ್ದಿರಬಹುದೆಂದು ನನಗೆ ತೋರುತ್ತದೆ.

ಇಂದಿನ ರಾಟೆಬಿಲ್ಲಿನಲ್ಲಿ ಪೂರ್ಣ ಸೆಳೆದ ಮೇಲೆ ಹೊರೆ ಇಳಿಯುತ್ತದೆ. ಸಾಂಪ್ರದಾಯಿಕ ಬಿಲ್ಲಿನಲ್ಲಿ ಆ ರಿಯಾಯಿತಿಯಿಲ್ಲ. ಗುರಿ ನೋಡುವ ಗಳಿಗೆಯಲ್ಲಿಯೇ ಪೂರ್ಣ ಭಾರವು ಭುಜದ ಮೇಲಿರುತ್ತದೆ. ಆದ್ದರಿಂದ ಒಮ್ಮೆ ಸೆಳೆಯಬಲ್ಲೆನೇ ಎಂಬುದು ಸರಿಯಾದ ಪರೀಕ್ಷೆಯಲ್ಲ. ಸೆಳೆದು, ನಿಲ್ಲಿಸಿ, ನಡುಗದೆ ನೋಡಿ, ಅಭ್ಯಾಸದ ಕೊನೆಯ ಬಾಣದವರೆಗೂ ಹಾಗೆಯೇ ಬಿಡಬಲ್ಲೆನೇ ಎಂಬುದು ಪರೀಕ್ಷೆ. ಬಿಲ್ಲು ಹಗುರವಾದರೆ ಬಾಣವೂ ಬದಲಾಗಬೇಕು. ಬಲವಾದ ಬಿಲ್ಲಿಗೆ ಹೊಂದಿದ ಬಿರುಸಾದ ಕಣೆಯು ಹಗುರ ಬಿಲ್ಲಿನಿಂದ ನೇರ ಹೋಗದು. ಹೆಚ್ಚು ಬಳುಕುವ ಕಣೆ ಬೇಕು. ಬಾಣದ ಪಥವು ತುಸು ಕಮಾನಾಗುತ್ತದೆ, ದೂರ ಕಡಿಮೆಯಾಗುತ್ತದೆ. ಇವು ನಷ್ಟಗಳೇ, ಮರೆಮಾಚಬೇಕಿಲ್ಲ. ಆದರೆ ಇವು ವಿದ್ಯೆಯ ನಷ್ಟಗಳಲ್ಲ.

ಜೈನಶಾಸ್ತ್ರದ ಓದುಗರಿಗೆ ಇಲ್ಲಿ ಇನ್ನೊಂದು ಸೂತ್ರ ನೆನಪಾಗದೆ ಇರದು. 'ತತ್ತ್ವಾರ್ಥಸೂತ್ರ'ದ ಆರನೆಯ ಅಧ್ಯಾಯದಲ್ಲಿ ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳನ್ನು ಹೇಳುವಾಗ ಉಮಾಸ್ವಾಮಿಯು ತ್ಯಾಗವನ್ನೂ ತಪವನ್ನೂ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣದೊಡನೆಯೇ ಹೇಳುತ್ತಾನೆ. ನಮ್ಮ ಪೂಜ್ಯಪಾದಾಚಾರ್ಯರು 'ಸರ್ವಾರ್ಥಸಿದ್ಧಿ'ಯಲ್ಲಿ ಇದಕ್ಕೆ ಇನ್ನೊಂದು ಅಂಚನ್ನು ಕೂಡಿಸಿದರು: ತಪಸ್ಸು ಇರುವ ವೀರ್ಯವನ್ನು ಬಚ್ಚಿಡದವನದಾಗಿರಬೇಕು. ಮೀರಬಾರದು, ಬಚ್ಚಿಡಲೂಬಾರದು. ಹಿಂಸೆಯ ಸಾಧನವಾದ ಬಿಲ್ಲನ್ನು ತಪಸ್ಸಿನೊಡನೆ ಸಮೀಕರಿಸುವುದು ನನ್ನ ಉದ್ದೇಶವಲ್ಲ. ಇಂದು ಬಹುಮಟ್ಟಿಗೆ ಗುರಿಹಲಗೆಯ ಮುಂದೆ ನಿಂತಿರುವ ಈ ವಿದ್ಯೆಯು ಅದೇ ವಿವೇಕವನ್ನು ತನ್ನ ಹಾದಿಯಲ್ಲಿ ಕಂಡುಕೊಂಡಿದೆ ಎಂಬುದಷ್ಟೇ ನನ್ನ ಮಾತು. ಧನುರ್ವೇದವೂ ಬಿಲ್ಲು 'ತುಸು' ಕಡಿಮೆಯಿರಲಿ ಎಂದಿತು, ತೀರ ಕಡಿಮೆಯಿರಲಿ ಎನ್ನಲಿಲ್ಲ.

ತರಗತಿಯಲ್ಲಿ ಕರ್ಣನ ಮೂದಲಿಕೆಯನ್ನು ಓದುವಾಗ ವಿದ್ಯಾರ್ಥಿಗಳು ನಗುತ್ತಾರೆ. ದ್ರೋಣನ ಸಿಂಹ ಬಂದಾಗ ಗಂಭೀರರಾಗುತ್ತಾರೆ. ಇತ್ತೀಚೆಗೆ ನಾನು ಇವೆರಡರ ನಡುವೆ ಶಾಸ್ತ್ರದ ಆ ಸೂತ್ರವನ್ನೂ ಹೇಳುತ್ತೇನೆ. ಸಿಂಹವಾಗಲಾರದ ವೃದ್ಧನು ಊರುಗೋಲಿಗೆ ಇಳಿಯಬೇಕಿಲ್ಲ. ಅವನು ಬದಲಿಸಬೇಕಾದುದು ಬಿಲ್ಲನ್ನು, ಗುರಿಯನ್ನಲ್ಲ.