ಹಿಮದೂರಿನ ಚಳಿಗಾಲ, ಬಳ್ಳಾರಿಯ ಲೆಕ್ಕ

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬುದು ಹಳೆಯ ತಮಾಷೆ. ಅದು ಪೂರ್ತಿ ನಿಜವಲ್ಲ. ಡಿಸೆಂಬರ್, ಜನವರಿಗಳಲ್ಲಿ ಈ ಊರಿನ ಹವೆ ಬಹಳ ಹಿತ. ವಿಚಿತ್ರವೆಂದರೆ, ಊರು ಬಿಟ್ಟು ಓಡುವ ಅಗತ್ಯವೇ ಇಲ್ಲದ ಆ ಎರಡು ತಿಂಗಳಲ್ಲೇ ಈಗ ಇಲ್ಲಿನ ಮನೆಗಳಲ್ಲಿ ಶಿಮ್ಲಾ, ಮನಾಲಿ, ಗುಲ್ಮಾರ್ಗ್‌ಗಳ ಮಾತು. ಹಿಮಕ್ಕೆ ನಮ್ಮ ಆಡುಮಾತಿನಲ್ಲಿ ಸರಿಯಾದ ಪದವೂ ಇಲ್ಲ. ಮಂಜು ಎಂದರೆ ಬೆಳಗಿನ ಮುಸುಕು, ಐಸು ಎಂದರೆ ಅಂಗಡಿಯ ಗಡ್ಡೆ. ಸಿರುಗುಪ್ಪದ ಗದ್ದೆಗಳ ಮೇಲೆ ಬೀಳುವುದು ಆಲಿಕಲ್ಲು. ಅದು ಬಿದ್ದರೆ ತೆನೆಗಟ್ಟಿದ ಭತ್ತದ ಆಸೆ ಬಿಡಬೇಕು. ಇಂಥ ಸೀಮೆಯವರು ಹಿಮ ನೋಡಲೆಂದು ಹಣ ಕೂಡಿಡುವುದು ಸಹಜವೇ.

ಆದರೆ ಗಿರಿಧಾಮಗಳನ್ನು ಮೊದಲು ಕಟ್ಟಿದವರ ಉದ್ದೇಶ ಹಿಮವಲ್ಲ, ಬಿಸಿಲಿನಿಂದ ಪಾರಾಗುವುದು. ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ ಮೇಲೆ ಊಟಿ ಬೆಳೆಯಿತು. 1864ರಿಂದ ಶಿಮ್ಲಾ ಬ್ರಿಟಿಷ್ ಸರ್ಕಾರದ ಬೇಸಿಗೆ ರಾಜಧಾನಿಯಾಯಿತು. ಈ ಕಥೆಯಲ್ಲಿ ಬಳ್ಳಾರಿಗೂ ಒಂದು ಪಾಲಿದೆ. 1800ರಲ್ಲಿ ನಿಜಾಮನು ಈ ಪ್ರಾಂತವನ್ನು ಕಂಪನಿಗೆ ಬಿಟ್ಟುಕೊಟ್ಟ ಬಳಿಕ ಬಳ್ಳಾರಿ ದೊಡ್ಡ ದಂಡಿನ ಊರಾಯಿತು. ಕಂಟೋನ್ಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. ಬೋಳು ಕಲ್ಲುಗುಡ್ಡದ ಬುಡದಲ್ಲಿ ಬೇಯುತ್ತಿದ್ದ ಗೋರಾ ಸಿಪಾಯಿಗಳಿಗೆ ಜ್ವರ, ಭೇದಿ ತಪ್ಪುತ್ತಿರಲಿಲ್ಲ. ಅವರು ಚೇತರಿಸಿಕೊಳ್ಳಲು ಊಟಿಗೆ ಹೋಗುವುದು ದೂರದ ಮಾತು. ಹಾಗಾಗಿ 1840ರ ದಶಕದಲ್ಲಿ ಕಂಪನಿಯ ಕಣ್ಣು ಪಕ್ಕದ ಸಂಡೂರು ಸಂಸ್ಥಾನದ ರಾಮನದುರ್ಗದ ಮೇಲೆ ಬಿತ್ತು. ಘೋರ್ಪಡೆ ಅರಸರ ಒಪ್ಪಿಗೆ ಪಡೆದು, 3,200 ಅಡಿಗೂ ತುಸು ಎತ್ತರದ ಆ ಬೆಟ್ಟದ ನೆತ್ತಿಯಲ್ಲಿ ಆರೋಗ್ಯಧಾಮ ನಡೆಸಿದರು. ಬಂಗಲೆಗಳು ಎದ್ದವು. ಕಾಡು, ತಂಗಾಳಿ, ಮಳೆಗಾಲದ ಮೋಡ ಎಲ್ಲವೂ ಅಲ್ಲಿದ್ದವು. ಹಿಮ ಮಾತ್ರ ಇರಲಿಲ್ಲ, ಯಾರೂ ಅದನ್ನು ಕೇಳಲೂ ಇಲ್ಲ. ದಂಡು ಹೋದ ಮೇಲೆ ಬಂಗಲೆಗಳು ಪಾಳುಬಿದ್ದವು. ಅದೇ ಬೆಟ್ಟಸಾಲಿನ ಕಬ್ಬಿಣದ ಅದಿರು ಮುಂದೆ ಗಣಿಗಳನ್ನು ತಂದಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವ ಹೊತ್ತಿಗೆ ಬೆಟ್ಟಗಳ ಮೈ ಕೆಂಪಾಗಿ ಬಗೆದುಹೋಗಿತ್ತು. ಬೇಸಿಗೆಯಲ್ಲಿ ಒಂದು ದಿನಕ್ಕಾದರೂ ಹೋಗಿಬರಬಹುದಾದ ತಂಪನ್ನು ಕೈಯಾರೆ ಕಳೆದುಕೊಂಡವರಲ್ಲಿ ನಾವೂ ಸೇರಿದ್ದೇವೆ ಎನ್ನದೆ ವಿಧಿಯಿಲ್ಲ.

ಇತ್ತ ಹಿಮಾಲಯದ ಬೇಸಿಗೆ ರಾಜಧಾನಿ ಚಳಿಗಾಲಕ್ಕೆ ಖಾಲಿಯಾಗುತ್ತಿತ್ತು. ಅಕ್ಟೋಬರ್ ಹೊತ್ತಿಗೆ ಕಡತಗಳ ಪೆಟ್ಟಿಗೆ ಕಟ್ಟಿಕೊಂಡು ಅಧಿಕಾರಿಗಳು ಶಿಮ್ಲಾದಿಂದ ಇಳಿಯುವರು. ಹಿಮ ಇದ್ದದ್ದು ಉಳಿದವರ ಪಾಲಿಗೆ. ಕಾಶ್ಮೀರಿಗಳು ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ. ಅದಕ್ಕೆ ತಯಾರಿ ಎಂದರೆ ಬಿಸಿಲಲ್ಲಿ ತರಕಾರಿ ಒಣಗಿಸಿಡುವುದು, ಸೌದೆ ಕೂಡಿಹಾಕುವುದು, ಫೆರನ್ ಎಂಬ ನಿಲುವಂಗಿಯೊಳಗೆ ಕೆಂಡದ ಕಾಂಗ್ಡಿ ಇಟ್ಟುಕೊಳ್ಳುವುದು. ನಾವು ಸಂಡಿಗೆ, ಹಪ್ಪಳ ಮಾಡಿಟ್ಟು ಮಳೆಗಾಲಕ್ಕೆ ಕಾಯುವಂತೆಯೇ ಇದು. ಹಿಮದಲ್ಲಿ ಆಡಿದವರು ಕೆಲವೇ ಮಂದಿ. 1927ರಲ್ಲಿ ಗುಲ್ಮಾರ್ಗ್‌ನಲ್ಲಿ ಸ್ಕೀ ಕ್ಲಬ್ ಕಟ್ಟಿದವರೂ ಇಂಗ್ಲಿಷರೇ. ಚಳಿಗಾಲದ ಪ್ರವಾಸ ಸಾಮಾನ್ಯ ಕುಟುಂಬಗಳ ಆಸೆಯಾದದ್ದು ಬಹಳ ಈಚೆಗೆ. ಸಿನಿಮಾ ಹಾಡುಗಳ ಪಾತ್ರ ಅದರಲ್ಲಿ ದೊಡ್ಡದು. 1989ರ ನಂತರ ಕಾಶ್ಮೀರ ಹಿಂಸೆಯಲ್ಲಿ ಸಿಕ್ಕಿಕೊಂಡಾಗ ಪ್ರವಾಸಿಗಳ ದಾರಿ ಮನಾಲಿಯ ಕಡೆಗೆ ತಿರುಗಿತು.

ಈ ಹಿನ್ನೆಲೆ ತಿಳಿದರೆ ಯೋಜನೆ ಹಾಕುವವರಿಗೆ ಒಂದು ಉಪಯೋಗವಿದೆ. ನಮ್ಮ ಶಾಲೆಗಳ ದೊಡ್ಡ ರಜೆಗಳು ದಸರೆಗೆ ಮತ್ತು ಬೇಸಿಗೆಗೆ. ಡಿಸೆಂಬರ್ ಕೊನೆಯಲ್ಲಿ ಕೆಲವು ಶಾಲೆಗಳಿಗೆ ಸಿಗುವ ಕ್ರಿಸ್‌ಮಸ್ ರಜೆಯಲ್ಲಿ ಎಲ್ಲರೂ ಹೊರಡುತ್ತಾರೆ. ಹೋಟೆಲು ದುಬಾರಿ, ರಸ್ತೆ ತುಂಬ ಕಾರು, ಹಿಮವೋ ಬಾರದಿದ್ದರೂ ಇರಬಹುದು. ಸುಮಾರು 7,000 ಅಡಿ ಎತ್ತರದ ಶಿಮ್ಲಾ ಪೇಟೆಯಲ್ಲಿ ಕ್ರಿಸ್‌ಮಸ್ ದಿನ ಹಿಮ ಬೀಳುವುದು ಅಪರೂಪ. ಪಶ್ಚಿಮದಿಂದ ಬರುವ ಮಾರುತಗಳು ಮೋಡ ಹೊತ್ತು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಜನವರಿ ಎರಡನೇ ವಾರದಿಂದ ಫೆಬ್ರುವರಿ ನಡುವಿನವರೆಗೆ ಭರವಸೆ ಹೆಚ್ಚು. ಅದೂ ಖಾತರಿಯಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಬಹುದಿನ ಬರಿದಾಗಿದ್ದವು. 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮವಿಲ್ಲವೆಂದು ಮುಂದೂಡಬೇಕಾಯಿತು.

ಇನ್ನು ನಮ್ಮ ಕಡೆಯ ಕೆಲಸದ ಲೆಕ್ಕ. ಸಿರುಗುಪ್ಪದಲ್ಲಿ ಮುಂಗಾರಿನ ಭತ್ತ ಕೊಯ್ದು ಮುಗಿದ ಮೇಲೆ ತುಂಗಭದ್ರಾ ಕಾಲುವೆಯಲ್ಲಿ ನೀರು ಬಿಟ್ಟರೆ ಎರಡನೇ ಬೆಳೆಯ ನಾಟಿ. ನೀರಿಲ್ಲದ ವರ್ಷವೇ ಬಿಡುವು, ಆದರೆ ಆ ವರ್ಷ ಕೈಯಲ್ಲಿ ಹಣವಿರುವುದಿಲ್ಲ. ಕುರುಗೋಡಿನ ಕಡೆ ಮೆಣಸಿನಕಾಯಿ ಬಿಡಿಸಿ ಕಣದಲ್ಲಿ ಒಣಗಿಸುವ ತಿಂಗಳುಗಳೂ ಅವೇ. ಅಂಗಡಿ, ನೌಕರಿಯವರಿಗೆ ಸಂಕ್ರಾಂತಿ ಮುಗಿಸಿ ಹೊರಡುವುದು ಅನುಕೂಲ. ಗುಂತಕಲ್ಲಿಗೆ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ದೆಹಲಿ. ಅಲ್ಲಿಂದ ಕಾಲ್ಕಾ ತಲುಪಿದರೆ 1903ರಿಂದ ಓಡುತ್ತಿರುವ ಪುಟ್ಟ ರೈಲು ಶಿಮ್ಲಾಕ್ಕೆ ಹತ್ತಿಸುತ್ತದೆ. ಹಿಮ ಬಿದ್ದ ದಿನ ಬಸ್ಸು ನಿಲ್ಲುತ್ತದೆ, ನಲ್ಲಿಯ ನೀರು ಹೆಪ್ಪುಗಟ್ಟುತ್ತದೆ. ವಾಪಸು ಟಿಕೆಟ್ಟಿಗೆ ಮುನ್ನ ಎರಡು ದಿನ ಖಾಲಿ ಬಿಟ್ಟುಕೊಂಡಿರಬೇಕು. ದಪ್ಪ ಕೋಟು, ಬೂಟು ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ. ಬಳ್ಳಾರಿಯಲ್ಲಿ ಕೊಂಡರೆ ಮತ್ತೆ ತೊಡುವ ದಿನ ಬಾರದು.