ಏಳುನೂರು ಪದಗಳ ಮೇಷ್ಟ್ರು

ಅಮೆರಿಕದ ಟೆಕ್ಸಸ್ ರಾಜ್ಯದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋ ಗಡಿಗೆ ಹತ್ತಿರ, ರೇಮಂಡ್‌ವಿಲ್ ಎಂಬ ಸಣ್ಣ ಊರಿದೆ. 1970ರ ದಶಕದಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳ ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳು ಮೆಕ್ಸಿಕನ್ ಮೂಲದವರು. ಅವರಿಗಾಗಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪಾಠ ನಡೆಯಬೇಕಿತ್ತು. ಕಲಿಸುವವರಲ್ಲಿ ಕೆಲವರಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಆದರೂ ಕಾಗದದ ಮೇಲೆ ಅವರು ಅರ್ಹರು, ಏಕೆಂದರೆ ಸರ್ಕಾರದ ನೂರು ಗಂಟೆಯ ತರಬೇತಿ ಮುಗಿಸಿದ್ದರು. ಅದರ ಗುರಿ ಏಳುನೂರು ಸ್ಪ್ಯಾನಿಷ್ ಪದ. ಕೊನೆಯಲ್ಲಿ ಸ್ಪ್ಯಾನಿಷ್‌ನಲ್ಲಿ ಒಂದು ಪ್ಯಾರಾ ಬರೆದುಕೊಟ್ಟರೆ ಆಯಿತು. ಬರೆಯುವಾಗ ಪಕ್ಕದಲ್ಲಿ ನಿಘಂಟು ಇಟ್ಟುಕೊಳ್ಳಲು ಅಡ್ಡಿಯಿರಲಿಲ್ಲ.

ನಿಘಂಟಿನ ಈ ಸಂಗತಿ ಹೊರಬಿದ್ದದ್ದು ನ್ಯಾಯಾಲಯದಲ್ಲಿ. ರಾಯ್ ಕಾಸ್ಟನೇಡಾ ಮತ್ತು ಊರಿನ ಇತರ ಪೋಷಕರು ಹೂಡಿದ ದಾವೆ 1981ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಕಾರ್ಯಕ್ರಮದ ಹಿಂದೆ ತಜ್ಞರು ಒಪ್ಪುವ ಸಿದ್ಧಾಂತವಿದೆಯೇ, ಅದನ್ನು ನಡೆಸುವಷ್ಟು ಸಿಬ್ಬಂದಿ ಮತ್ತು ಸಾಧನ ಇವೆಯೇ, ನಡೆಸಿದ್ದಕ್ಕೆ ಫಲ ಸಿಕ್ಕಿದೆಯೇ ಎಂಬ ಮೂರು ಪ್ರಶ್ನೆಗಳನ್ನು ನ್ಯಾಯಾಧೀಶರು ಮುಂದಿಟ್ಟರು. ಎರಡನೆಯದರಲ್ಲೇ ಶಾಲೆ ಸಿಕ್ಕಿಬಿದ್ದದ್ದು. ಸ್ಪ್ಯಾನಿಷ್ ಬಲ್ಲ ಸಹಾಯಕಿಯರನ್ನು ಜೊತೆಗೆ ಕೂರಿಸಿದರೆ ತಾತ್ಕಾಲಿಕವಾಗಿ ನಡೆದೀತು, ಅರ್ಹ ಶಿಕ್ಷಕರ ಜಾಗವನ್ನು ಅವರು ತುಂಬಲಾರರು ಎಂದಿತು ತೀರ್ಪು. ಪಾಠ ಹೇಳುವವರಿಗೆ ಭಾಷೆ ಬರುತ್ತದೆಯೇ ಎಂದು ಕೇಳುವುದು ಅಲ್ಲಿಗೆ ಕಾನೂನಿನ ಮಾತಾಯಿತು.

ಟೆಕ್ಸಸ್‌ಗೆ ಇಂಥ ಅರ್ಹ ಶಿಕ್ಷಕರ ಬರ ಸುಮ್ಮನೆ ಬಂದದ್ದಲ್ಲ, ರಾಜ್ಯವೇ ತಂದುಕೊಂಡದ್ದು. 1918ರಲ್ಲಿ ಅಲ್ಲಿನ ಶಾಸನಸಭೆ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಕಲಿಸುವುದನ್ನು ಅಪರಾಧವಾಗಿಸಿತ್ತು. ಮೊದಲ ಮಹಾಯುದ್ಧದ ಬಿಸಿಯಲ್ಲಿ ಇಂಥ ಕಾನೂನುಗಳು ಹಲವು ಕಡೆ ಬಂದವು. ನೆಬ್ರಾಸ್ಕದಲ್ಲಿ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕೆ ರಾಬರ್ಟ್ ಮೇಯರ್ ಎಂಬ ಮೇಷ್ಟ್ರಿಗೆ 25 ಡಾಲರ್ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ತಳ್ಳಿಹಾಕಿತು. ಟೆಕ್ಸಸ್‌ನ ಸರ್ಕಾರಿ ಶಾಲೆಗಳಲ್ಲಿ ಮಾತ್ರ ಇಂಗ್ಲಿಷ್ ಕಡ್ಡಾಯ 1969ರವರೆಗೂ ಉಳಿಯಿತು. ಸ್ಪ್ಯಾನಿಷ್ ಆಡಿ ಏಟು ತಿಂದ ಮಕ್ಕಳು ಬೆಳೆದು ದೊಡ್ಡವರಾದಾಗ ಮನೆಮಾತು ನಾಲಿಗೆಯ ಮೇಲಿತ್ತು. ಆದರೆ ಗಣಿತವನ್ನೋ ವಿಜ್ಞಾನವನ್ನೋ ಆ ಭಾಷೆಯಲ್ಲಿ ಅವರು ಯಾವತ್ತೂ ಓದಿದವರಲ್ಲ. ನಾಳೆಯ ದ್ವಿಭಾಷಾ ಶಿಕ್ಷಕರಾಗಬೇಕಿದ್ದವರು ಇವರೇ.

ಲಿಂಡನ್ ಜಾನ್ಸನ್ ಕತೆಯೂ ಇಲ್ಲಿಗೇ ಸೇರಬೇಕು. 1928ರಲ್ಲಿ, ಇನ್ನೂ ಕಾಲೇಜು ಮುಗಿಸದ ಹುಡುಗನಾಗಿದ್ದಾಗ, ಅವರು ಕೊಟುಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮಕ್ಕಳ ಶಾಲೆಗೆ ಮೇಷ್ಟ್ರಾಗಿ ಹೋದರು. ಮಕ್ಕಳ ಮೇಲೆ ಅಕ್ಕರೆಯೇನೋ ಇತ್ತು, ಆದರೆ ಶಾಲೆಯೊಳಗೆ ಇಂಗ್ಲಿಷೇ ಆಡಬೇಕೆಂದು ಪಟ್ಟು. ನಲವತ್ತು ವರ್ಷದ ನಂತರ, 1968ರ ಜನವರಿಯಲ್ಲಿ, ಅಧ್ಯಕ್ಷರಾಗಿ ದ್ವಿಭಾಷಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದವರೂ ಅವರೇ. ಮಸೂದೆ ತಂದವರು ಅದೇ ಟೆಕ್ಸಸ್‌ನ ಸೆನೆಟರ್ ರಾಲ್ಫ್ ಯಾರ್ಬರೋ. ಕಾಯ್ದೆ ಹಣ ಕೊಟ್ಟಿತು. ಹಣವೇನೋ ಬಂತು, ಕಲಿಸುವವರು ಎಲ್ಲಿ?

ಮಯಾಮಿಯಲ್ಲಿ ಅದೃಷ್ಟವಶಾತ್ ಅವರು ಊರಿಗೇ ಬಂದಿಳಿದಿದ್ದರು. 1959ರ ಕ್ರಾಂತಿಯ ನಂತರ ಕ್ಯೂಬಾ ಬಿಟ್ಟು ಓಡಿಬಂದವರಲ್ಲಿ ನುರಿತ ಶಿಕ್ಷಕರು ಅನೇಕರಿದ್ದರು. ಹವಾನಾದಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರು ಇಲ್ಲಿ ಫ್ಲಾರಿಡಾದ ಸರ್ಟಿಫಿಕೇಟ್ ಇಲ್ಲದ್ದಕ್ಕೆ ತರಗತಿಯಲ್ಲಿ ಸಹಾಯಕರಾಗಿ ನಿಂತರು, ಮಯಾಮಿ ವಿಶ್ವವಿದ್ಯಾಲಯದಲ್ಲಿ ಮತ್ತೆ ವಿದ್ಯಾರ್ಥಿಗಳಾಗಿ ಕೂತು ಅರ್ಹತೆ ಪಡೆದರು. 1963ರಲ್ಲಿ ಕೋರಲ್ ವೇ ಶಾಲೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಅರ್ಧ ದಿನ ಇಂಗ್ಲಿಷ್, ಅರ್ಧ ದಿನ ಸ್ಪ್ಯಾನಿಷ್ ಕ್ರಮ ತಂದಾಗ ಅದು ಗಟ್ಟಿಯಾಗಿ ನಿಂತಿತು. ಯೋಜನೆ ಚೆನ್ನಾಗಿತ್ತು ಎನ್ನುವವರು ಆ ಶಿಕ್ಷಕರನ್ನು ಮರೆಯಬಾರದು.

ನ್ಯೂಯಾರ್ಕ್‌ನಲ್ಲಿ ಇದೇ ಬಗೆಯ ಜನಕ್ಕೆ ಬಾಗಿಲು ಮುಚ್ಚಿತ್ತು. 1898ರಲ್ಲಿ ಹುಟ್ಟಿದ ಅಲ್ಲಿನ ಪರೀಕ್ಷಕರ ಮಂಡಳಿ ಶಿಕ್ಷಕರ ಉಚ್ಚಾರಣೆಯನ್ನೂ ಪರೀಕ್ಷಿಸುತ್ತಿತ್ತು. ಮೊದಲು ಯಹೂದಿ ವಲಸಿಗರ ಮಕ್ಕಳು, ಆಮೇಲೆ ಪೋರ್ಟೊರಿಕೊದವರು ನಾಲಿಗೆಯ ಕಾರಣಕ್ಕೆ ಅಲ್ಲಿ ನಪಾಸಾದರು. ಪೋರ್ಟೊರಿಕೊದವರು 1917ರಿಂದಲೇ ಅಮೆರಿಕದ ನಾಗರಿಕರು. ಆದರೂ ಹಲವರಿಗೆ ಸಿಕ್ಕಿದ್ದು ಬದಲಿ ಸಹಾಯಕ ಶಿಕ್ಷಕರೆಂಬ ಕೆಳಗಿನ ಹುದ್ದೆ. ಮಂಡಳಿ ಮುಚ್ಚಿದ್ದು 1990ರಲ್ಲಿ.

1974ರಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ಅವಸರಕ್ಕೆ ತಂದಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳು ಯಾವ ನೆರವೂ ಇಲ್ಲದೆ ತರಗತಿಯಲ್ಲಿ ಕೂತಿದ್ದರು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ ಎಂದು ಲೌ ಪ್ರಕರಣದಲ್ಲಿ ಸರ್ವಾನುಮತದ ತೀರ್ಪು ಬಂತು. ಮ್ಯಾಸಚೂಸೆಟ್ಸ್ 1971ರಲ್ಲೇ, ಟೆಕ್ಸಸ್ 1973ರಲ್ಲಿ ದ್ವಿಭಾಷಾ ತರಗತಿಯನ್ನು ಕಡ್ಡಾಯಗೊಳಿಸಿದ್ದವು. ರಾಜ್ಯಗಳು ತರಾತುರಿಯಲ್ಲಿ ಹೊಸ ಸರ್ಟಿಫಿಕೇಟ್‌ಗಳನ್ನು ಕಟ್ಟತೊಡಗಿದವು. ರೇಮಂಡ್‌ವಿಲ್‌ನ ನೂರು ಗಂಟೆ ಈ ತರಾತುರಿಯ ಕೂಸು.

ಫ್ಲಾರಿಡಾ ಬೇರೆ ದಾರಿ ಹಿಡಿಯಿತು. 1990ರಲ್ಲಿ ನ್ಯಾಯಾಲಯದಲ್ಲಿ ಆದ ಒಪ್ಪಂದದಂತೆ, ಇಂಗ್ಲಿಷ್ ಕಲಿಯುತ್ತಿರುವ ಮಗು ತರಗತಿಯಲ್ಲಿದ್ದರೆ ಭಾಷಾ ಶಿಕ್ಷಕರು 300 ಗಂಟೆ, ಗಣಿತ, ವಿಜ್ಞಾನ, ಸಮಾಜದವರು 60, ಉಳಿದವರು 18 ಗಂಟೆ ತರಬೇತಿ ಪಡೆಯಬೇಕು. ಮಗುವಿನ ಮನೆಮಾತು ಬರಬೇಕೆಂಬ ಷರತ್ತು ಇದರಲ್ಲಿಲ್ಲ. ವಿಧಾನ ಗೊತ್ತಿದ್ದರೆ ಸಾಕು. ಅನುಕೂಲದ ನಿಯಮ ನಿಜ, ಆದರೆ ದ್ವಿಭಾಷಾ ಶಿಕ್ಷಕರೂ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವವರೂ ಬೇರೆಬೇರೆ ಜಾತಿಯಾಗುತ್ತ ಹೋದದ್ದು ಹೀಗೆಯೇ.

ಈ ವ್ಯತ್ಯಾಸ ಇವತ್ತಿನ ಟೆಕ್ಸಸ್‌ನಲ್ಲಿ ಎದ್ದು ಕಾಣುತ್ತದೆ. ಆಗಲೇ ಶಿಕ್ಷಕರಾಗಿರುವವರು ಒಂದು ಹೆಚ್ಚುವರಿ ಪರೀಕ್ಷೆ ಪಾಸು ಮಾಡಿದರೆ ಇಂಗ್ಲಿಷ್ ಕಲಿಕೆಯ ತರಗತಿಗೆ ಅರ್ಹರು. ಸ್ಪ್ಯಾನಿಷ್ ದ್ವಿಭಾಷಾ ತರಗತಿಗಾದರೆ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕನ್ನೂ ಅಳೆಯುವ ಪರೀಕ್ಷೆ ಬೇರೆ ಇದೆ. ಡಲ್ಲಾಸ್ ಸುತ್ತಮುತ್ತ ನೆಲೆಸಿದ ಕನ್ನಡ ಕುಟುಂಬಗಳಿಗೆ ಮೊದಲನೆಯ ಬಗೆಯ ಶಿಕ್ಷಕರಷ್ಟೇ ಗೊತ್ತು. ಶಾಲೆಗೆ ಸೇರಿಸುವಾಗ ಮನೆಮಾತಿನ ಫಾರ್ಮಿನಲ್ಲಿ ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಕಾದಿರುತ್ತದೆ. ಒಂದು ಭಾಷೆಯ ಇಪ್ಪತ್ತು ಮಕ್ಕಳು ಒಂದೇ ತರಗತಿ ಮಟ್ಟದಲ್ಲಿ ಇಲ್ಲದಿದ್ದರೆ ದ್ವಿಭಾಷಾ ಪಾಠದ ಕಡ್ಡಾಯವಿಲ್ಲ.

ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ದ್ವಿಭಾಷಾ ತರಗತಿಗಳನ್ನು ಬಹುಮಟ್ಟಿಗೆ ಮುಚ್ಚಿಸಿ, 2016ರಲ್ಲಿ ಮತ್ತೆ ತೆರೆಸಿದರು. ಅರಿಜೋನಾದಲ್ಲಂತೂ ಇಂಗ್ಲಿಷ್ ಕಲಿಸುವ ಶಿಕ್ಷಕರ ಉಚ್ಚಾರಣೆಯನ್ನು ರಾಜ್ಯದ ತಪಾಸಣೆಗಾರರು ಗುರುತು ಹಾಕಿಕೊಳ್ಳುತ್ತಿದ್ದರು. ದೂರು ಒಕ್ಕೂಟ ಸರ್ಕಾರದವರೆಗೆ ಹೋಗಿ 2011ರಲ್ಲಿ ಅದು ನಿಂತಿತು.

ಅರ್ಹರು ಸಿಗದ ಟೆಕ್ಸಸ್ ಜಿಲ್ಲೆಗಳು ವಿನಾಯಿತಿಗೆ ರಾಜ್ಯಕ್ಕೆ ಅರ್ಜಿ ಹಾಕುತ್ತವೆ. ಇನ್ನು ಕೆಲವು ರಾಜ್ಯಗಳು 1980ರ ದಶಕದಿಂದಲೇ ಸ್ಪೇನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿಂದ ಶಿಕ್ಷಕರನ್ನು ಕರೆಸಿಕೊಳ್ಳುತ್ತಿವೆ. ಅವರ ವೀಸಾ ಮೂರು ವರ್ಷದ್ದು, ಹೆಚ್ಚೆಂದರೆ ಐದಕ್ಕೆ ವಿಸ್ತರಿಸಬಹುದು.